ಬೀಗಿತ್ತಿಯ ಚರಂಡಿ ನೀರು

ಫೆಬ್ರುವರಿ ೪

ಮಾನ್ಯ ಬೀಗಿತ್ತಿಯವರಿಗೆ,

ಮಕ್ಕಳ ಮದುವೆಯಾಗಿ ಹದಿನಾಲ್ಕು ತಿಂಗಳಾದ ಮೇಲೆ ತಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಮೊದಲ ಕಾಗದದಲ್ಲೇ ಚರಂಡಿ ನೀರು ಕೇಳುವ ಬೀಗ ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಫೋನಿನಲ್ಲಿ ಕೇಳೋಣವೆಂದು ಮೂರು ಸಲ ಕರೆ ಮಾಡಿದೆ. ತಾವು "ಊಟ ಆಯ್ತಾ ಬೀಗ್ರೆ" ಅಂದಿರಿ, ನಾನು "ಆಯ್ತು, ನಿಮ್ದು?" ಅಂದೆ. ಮೂರು ಸಲವೂ ಮಾತು ಅಲ್ಲಿಗೇ ಮುಗಿಯಿತು.

ವಿಷಯ ಇಷ್ಟು. ನಾನು ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಇಪ್ಪತ್ತೇಳು ವರ್ಷದಿಂದ ಇರುವುದು ತಮಗೆ ಗೊತ್ತು. ಈ ವರ್ಷ ಪ್ರಾಣಿ ಸಾಕುವ ಫಾರಂಗಳಿಂದ ಹೊರಗೆ ಹರಿಯುವ ನೀರನ್ನು ಪರೀಕ್ಷಿಸುತ್ತಿದ್ದೇವೆ. ಕೆಲವು ಕ್ರಿಮಿಗಳು ಆ್ಯಂಟಿಬಯೋಟಿಕ್ ಔಷಧಿಗೆ ಸಾಯದಿರುವುದನ್ನು ಕಲಿತುಬಿಟ್ಟಿವೆ. ಅಂಥವು ಹತ್ತಿದರೆ ಮನುಷ್ಯರಿಗೂ ಮದ್ದು ನಾಟುವುದಿಲ್ಲ. ಅವು ಎಲ್ಲೆಲ್ಲಿವೆ ಎಂದು ನೋಡಬೇಕು. ಒಂಬತ್ತು ಫಾರಂಗಳನ್ನು ಕೇಳಿದೆವು, ಏಳು ಜನ ಗೇಟು ಹಾಕಿಕೊಂಡರು. ಆಗ ನಮ್ಮ ಮೇಲಧಿಕಾರಿ ನನ್ನ ಕಡೆ ತಿರುಗಿ, "ನಿಮ್ಮ ಮಗಳನ್ನ ಕೊಟ್ಟಿರೋದು ಹಂದಿ ಫಾರಂಗೇ ಅಲ್ವೇನ್ರಿ?" ಎಂದರು.

ನನ್ನಾಕೆ ಮಾತ್ರ, "ಹೆಣ್ಣು ಕೊಟ್ಟ ಮನೆ ಚರಂಡಿ ಮೂಸೋಕೆ ಹೋಗ್ಬೇಡಿ" ಎಂದು ಬೈದಳು. ತಮಗೆ ಇಷ್ಟವಿಲ್ಲದಿದ್ದರೆ ಬಿಟ್ಟುಬಿಡಿ. ಇಷ್ಟವಿದ್ದರೆ, ವಾರವಾರ ತಮ್ಮಲ್ಲಿಗೆ ಮೇವು ತರುವ ಲಾರಿಯ ಡ್ರೈವರ್ ಕೈಯಲ್ಲಿ ಒಂದು ಐಸ್ ಪೆಟ್ಟಿಗೆ, ಒಂದು ಬಾಟಲಿ ಕಳಿಸಿದ್ದೇನೆ. ಹಂದಿ ಮನೆಯ ನೀರು ಗೋಡೆ ದಾಟಿ ಹೊರಗೆ ಬೀಳುವ ಜಾಗದಲ್ಲಿ ತುಂಬಿಸಿ ವಾಪಸು ಕೊಡಿ. ವರದಿಯಲ್ಲಿ ಹೆಸರು ಇರುವುದಿಲ್ಲ, ನಂಬರು ಅಷ್ಟೇ.

ನಾಲ್ಕು ತಿಂಗಳ ಬಸುರಿ ಮಗಳ ಬಗ್ಗೆ ನಾನು ಕೇಳುವುದಿಲ್ಲ. ಅವಳು ತಮ್ಮ ಕೈಯಲ್ಲಿರುವಾಗ ಕೇಳಿದರೆ ತಪ್ಪಾದೀತು.

ತಮ್ಮ ವಿಧೇಯ ಬೀಗ


ಫೆಬ್ರುವರಿ ೧೧

ಮಾನ್ಯ ಬೀಗರಿಗೆ,

ನಿಮ್ಮ ಕಾಗದ ಓದಿ ನನ್ನ ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಮ್ಮಾ, ಬೇರೆ ಬೀಗರು ಏನೇನೋ ಕೇಳ್ತಾರೆ, ನಮ್ಮೋರು ಗಲೀಜು ನೀರು ಕೇಳ್ತಿದ್ದಾರೆ, ಕೊಟ್ಬಿಡು" ಎಂದ. ಕೊಟ್ಟಿದ್ದೇನೆ. ಬಾಟಲಿ ತುಂಬ ಇದೆ.

ನೀರನ್ನು ಚೆನ್ನಾಗಿ ನೋಡಿ. ನನ್ನ ಗಂಡ ತೀರಿಕೊಂಡಾಗ ಇಲ್ಲಿ ಇದ್ದದ್ದು ಹನ್ನೆರಡು ಹಂದಿ. ಈಗ ಮುನ್ನೂರಾ ನಲವತ್ತು. ಹಂದಿ ಎಂದರೆ ಮೂಗು ಮುರಿಯುವವರು ನಮ್ಮ ಕೊಟ್ಟಿಗೆಯ ನೆಲ ಬಂದು ನೋಡಲಿ, ಚಾಪೆ ಹಾಸಿ ಮಲಗಬಹುದು. ಆ ಏಳು ಜನ ಗೇಟು ಹಾಕಿಕೊಂಡಿದ್ದು ಅವರ ಮನೆ ಹಾಗಿದೆ ಅಂತ.

ಐಸಿನ ಮೇಲೆ ಎರಡು ಕಿಲೋ ಕ್ಯಾರೆಟ್ ಇಟ್ಟಿದ್ದೇನೆ, ಬೀಗರ ಮನೆಗೆ ಬರೀ ಚರಂಡಿ ನೀರು ಕಳಿಸಲು ನನಗೆ ಮನಸ್ಸು ಬರಲಿಲ್ಲ. ನಮ್ಮ ಹಿತ್ತಲಿನದ್ದೇ. ಹಂದಿ ಮನೆಯ ನೀರನ್ನೇ ಆ ಮಡಿಗೆ ಬಿಡುತ್ತೇವೆ, ಅದಕ್ಕೇ ಅಷ್ಟು ದಪ್ಪ. ನಿಮ್ಮ ಮಗಳಂತೂ ಈಗ ದಿನಕ್ಕೆ ನಾಲ್ಕು ಕಿತ್ತು, ತೋಳಿಗೆ ಒರೆಸಿಕೊಂಡು ಹಸಿಯಾಗಿಯೇ ಕಡಿಯುತ್ತಾಳೆ. "ತೊಳ್ಕೊಂಡು ತಿನ್ನೇ" ಎಂದರೆ "ರುಚಿ ಹೋಗತ್ತೆ ಅತ್ತೆ" ಎನ್ನುತ್ತಾಳೆ. ನೀವು ಕೇಳದಿದ್ದರೂ ಹೇಳುತ್ತೇನೆ, ಮೂರು ಕಿಲೋ ಹೆಚ್ಚಾಗಿದ್ದಾಳೆ.

ನಿಮ್ಮ ಬೀಗಿತ್ತಿ


ಫೆಬ್ರುವರಿ ೧೭

ಮಾನ್ಯ ಬೀಗಿತ್ತಿಯವರಿಗೆ,

ಕ್ಯಾರೆಟ್ ಬಹಳ ರುಚಿಯಾಗಿತ್ತು.

ನೀರಿನ ವಿಷಯ ಹೇಗೆ ಹೇಳಲಿ ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ತಮ್ಮ ಬಾಟಲಿಯ ನೀರನ್ನು ಕ್ರಿಮಿ ಬೆಳೆಸುವ ಗಾಜಿನ ತಟ್ಟೆಗೆ ಹಚ್ಚಿ ಬೆಚ್ಚಗಿಟ್ಟೆ. ಏನೂ ಬೆಳೆಯಲಿಲ್ಲ. ಒಂದೇ ಒಂದು ಚುಕ್ಕಿ ಇಲ್ಲ. ನಮ್ಮ ಕಚೇರಿಯ ಕುಡಿಯುವ ನೀರಿನಲ್ಲೂ ನಾಲ್ಕು ಬರುತ್ತವೆ. ಮೇಲಧಿಕಾರಿ ತಟ್ಟೆ ನೋಡಿ, "ಇದು ಹಂದಿ ಫಾರಂ ನೀರಾದ್ರೆ ನಾನು ನಾಳೆಯಿಂದ ಅಲ್ಲೇ ಸ್ನಾನ ಮಾಡ್ತೀನಿ ಕಣ್ರೀ" ಎಂದರು. ಆಮೇಲೆ ಬಾಟಲಿಯ ಮುಚ್ಚಳ ತೆಗೆದು ಮೂಸಿದೆ. ಮಲ್ಲಿಗೆ ವಾಸನೆಯ ಫಿನಾಯಿಲ್ ಘಮ್ಮೆಂದಿತು.

ದಯವಿಟ್ಟು ತಪ್ಪು ತಿಳಿಯಬೇಡಿ. ನಮಗೆ ಬೇಕಾಗಿರುವುದು ಗಬ್ಬು ನಾರುವ ನೀರೇ. ಇದ್ದ ಹಾಗೆ, ಬಿದ್ದ ಹಾಗೆ, ಬಗ್ಗಿ ತುಂಬಿಸಿ ಕಳಿಸಿ. ಜೊತೆಗೆ ಹಂದಿಗಳಿಗೆ ಯಾವ ಯಾವ ಔಷಧಿ ಕೊಡುತ್ತೀರಿ ಎಂದು ಒಂದು ಸಾಲು ಬರೆದರೆ ಉಪಕಾರವಾಗುತ್ತದೆ.

ತಮ್ಮ ವಿಧೇಯ ಬೀಗ


ಫೆಬ್ರುವರಿ ೨೬

ಬೀಗರಿಗೆ,

ಹೌದು, ಸೋಸಿದೆ. ಮೂರು ಸಲ ಸೋಸಿದೆ. ಒಂದು ಕುದಿ ಬರಿಸಿದೆ. ಆಮೇಲೂ ವಾಸನೆ ಹೋಗಲಿಲ್ಲವೆಂದು ಒಂದು ಮುಚ್ಚಳ ಫಿನಾಯಿಲ್ ಹಾಕಿದೆ. ಬೀಗರ ಕೈಗೆ ಹೋಗುವ ವಸ್ತು ಗಬ್ಬು ನಾರಿದರೆ ಯಾರ ಮರ್ಯಾದೆ ಹೋಗುತ್ತದೆ? ನೆಂಟರು ಬರುವ ಮೊದಲು ಮನೆ ಗುಡಿಸುವುದು ತಪ್ಪು ಎಂದು ಯಾವ ಲ್ಯಾಬಿನಲ್ಲಿ ಬರೆದಿದೆ ಹೇಳಿ. ಮಗ, ಸೊಸೆ ಇಬ್ಬರೂ ನಾಲ್ಕು ದಿನದಿಂದ ನನ್ನನ್ನು ನೋಡಿದಾಗಲೆಲ್ಲ ನಗುತ್ತಿದ್ದಾರೆ. ಸೊಸೆಯನ್ನು ಬೈದಿದ್ದೇನೆ, ನಿಮಗೆ ತಿಳಿದಿರಲಿ.

ಈ ಸಲ ಇದ್ದ ಹಾಗೇ ತುಂಬಿಸಿದ್ದೇನೆ. ಡ್ರೈವರ್ ಪೆಟ್ಟಿಗೆಯನ್ನು ಕ್ಯಾಬಿನ್ನಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಹಟ ಹಿಡಿದಿದ್ದಾನೆ, ಅಷ್ಟು ಅಸಲಿ ಮಾಲು. ಇನ್ನು ಔಷಧಿ. ಕಾಯಿಲೆ ಬಿದ್ದರೆ ಡಾಕ್ಟರು ಹೇಳಿದ್ದು ಕೊಡುತ್ತೇವೆ, ಬೇರೇನೂ ಇಲ್ಲ.

ಬೀಗಿತ್ತಿ


ಮಾರ್ಚ್ ೯

ಮಾನ್ಯ ಬೀಗಿತ್ತಿಯವರಿಗೆ,

ನೀರು ಬಂದು ತಲುಪಿತು. ತಲುಪಿದ್ದು ಮೂರನೇ ಮಹಡಿಯವರಿಗೂ ಗೊತ್ತಾಯಿತು. ಬಹಳ ಉಪಕಾರ.

ತಟ್ಟೆಯಲ್ಲಿ ಕ್ರಿಮಿಗಳು ಬೆಳೆದಿವೆ. ಅದು ಸಹಜ, ಯಾವ ಚರಂಡಿಯಲ್ಲಾದರೂ ಬೆಳೆಯುತ್ತವೆ. ಕೆಲವು ಸ್ವಲ್ಪ ಹಟಮಾರಿ ಜಾತಿಯವು ಎನ್ನಬಹುದು. ಚಿಂತೆ ಮಾಡುವಂಥದ್ದು ಎಂದೇನೂ ಅಲ್ಲ, ಚಿಂತೆ ಮಾಡಬಾರದು ಎಂದೂ ಅಲ್ಲ.

ಒಂದು ಸಣ್ಣ ಸೂಚನೆ. ತರಕಾರಿ ಮಡಿಗೆ ಸ್ವಲ್ಪ ಕಾಲ ಆ ನೀರು ಬಿಡದಿದ್ದರೆ ಹೇಗೆ? ಮಣ್ಣಿಗೂ ವಿಶ್ರಾಂತಿ ಬೇಕಾಗುತ್ತದೆ. ಹಾಗೆಯೇ ಮನೆಯಲ್ಲಿರುವವರೂ ಕ್ಯಾರೆಟ್ ಕಿತ್ತು ತಿನ್ನುವುದಕ್ಕೆ ಸ್ವಲ್ಪ ವಿಶ್ರಾಂತಿ ಕೊಟ್ಟರೆ ಒಳ್ಳೆಯದು. ಇದು ನನ್ನ ಅಭಿಪ್ರಾಯ ಮಾತ್ರ, ತಮಗೆ ಗೊತ್ತಿಲ್ಲದ್ದೇನಿದೆ.

ತಮ್ಮ ವಿಧೇಯ ಬೀಗ


ಮಾರ್ಚ್ ೧೮

ಬೀಗರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುವುದನ್ನು ಲ್ಯಾಬಿನಲ್ಲಿ ಕಲಿಸುತ್ತಾರೋ ಏನೋ. ಮಣ್ಣಿಗೆ ವಿಶ್ರಾಂತಿ ಬೇಕು, ಮನೆಯಲ್ಲಿರುವವರಿಗೆ ವಿಶ್ರಾಂತಿ ಬೇಕು. ಅರ್ಥವಾಯಿತು. ನಿಮ್ಮ ಮಗಳನ್ನು ನಾನು ತೋಟದಲ್ಲಿ ದುಡಿಸುತ್ತಿದ್ದೇನೆ ಎಂದು ತಾನೇ ಹೇಳುತ್ತಿರುವುದು? ಕೇಳಬೇಕಾದರೆ ನೇರವಾಗಿ ಕೇಳಿ. ನನ್ನ ಮನೆಯಲ್ಲಿ ಆ ಹುಡುಗಿ ಒಂದು ಬಕೆಟ್ ಎತ್ತಿಲ್ಲ. ಕ್ಯಾರೆಟ್ ಕೀಳುವುದು ಅವಳ ಖುಷಿ, ನನ್ನ ಅಪ್ಪಣೆಯಲ್ಲ.

ಅವಳು ಈ ವಾರ ನಿಮಗೆ ಬರೆಯುವುದಿಲ್ಲವಂತೆ. ಪುರುಸೊತ್ತಿಲ್ಲ. ಬೇರೆ ಏನೂ ವಿಶೇಷವಿಲ್ಲ.

ಬೀಗಿತ್ತಿ


ಮಾರ್ಚ್ ೨೦

ಬೀಗಿತ್ತಿಯವರೇ,

ಒಂದು ಬಕೆಟ್ ಎತ್ತದ ಹುಡುಗಿಗೆ ಪುರುಸೊತ್ತಿಲ್ಲ ಎಂದರೆ ಏನರ್ಥ ಎಂದು ಡ್ರೈವರನ್ನು ಕೇಳಿದೆ. ಅವನು ಪಾಪ, ಸುಳ್ಳು ಹೇಳಲು ಬಾರದವನು. "ಚಿಕ್ಕಮ್ಮಾವ್ರು ಮಲಗಿದ್ರು ಸಾರ್, ಒಂದು ವಾರದಿಂದ ಜ್ವರ ಅಂತೆ, ಹೇಳ್ಬೇಡ ಅಂದಿದ್ರು" ಎಂದ. ಕೂಡಲೇ ಫೋನ್ ಮಾಡಿದೆ. ಮಗಳು "ಚೆನ್ನಾಗಿದ್ದೀನಪ್ಪ" ಎಂದಳು. ಅಳಿಯಂದಿರು "ಎಲ್ಲಾ ಚೆನ್ನಾಗಿದೆ ಮಾವ" ಎಂದರು. ಫೋನಿನಲ್ಲಿ ಎಲ್ಲರೂ ಯಾವಾಗಲೂ ಚೆನ್ನಾಗಿಯೇ ಇರುತ್ತಾರೆ. ಬಿಡದೆ ಕೇಳಿದ ಮೇಲೆ ಮಗಳು ಒಪ್ಪಿಕೊಂಡಳು. ಮೂತ್ರದ ಸೋಂಕು, ಒಂದು ಬಗೆಯ ಮಾತ್ರೆ ಮುಗಿಸಿ ಎರಡನೆಯದು ನುಂಗುತ್ತಿದ್ದಾಳೆ, ಜ್ವರ ಇಳಿದಿಲ್ಲ.

ಈಗ ನಾನು ಕಡ್ಡಿ ಮುರಿದ ಹಾಗೆ ಹೇಳುತ್ತೇನೆ, ಕೇಳಿ. ಕ್ರಿಮಿ ಬೆಳೆದ ತಟ್ಟೆಯ ಮೇಲೆ ನಾವು ಆರು ಬಗೆಯ ಆ್ಯಂಟಿಬಯೋಟಿಕ್ ಬಿಲ್ಲೆ ಇಡುತ್ತೇವೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಕ್ರಿಮಿ ಸತ್ತು ಜಾಗ ಬೋಳಾಗುತ್ತದೆ. ತಮ್ಮ ನೀರಿನ ಕ್ರಿಮಿಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು, ಆರರಲ್ಲಿ ನಾಲ್ಕು ಬಿಲ್ಲೆಗಳಿಗೆ ಜಗ್ಗಲಿಲ್ಲ. ಎರಡಕ್ಕೆ ಮಾತ್ರ ಸತ್ತವು. ತಾವು ಕಳಿಸಿದ ಕ್ಯಾರೆಟ್ ನಾವು ತಿನ್ನಲಿಲ್ಲ. ಲ್ಯಾಬಿಗೆ ತೆಗೆದುಕೊಂಡು ಹೋಗಿ ಅದನ್ನೂ ಪರೀಕ್ಷೆ ಮಾಡಿದೆ. ಅದರ ಸಿಪ್ಪೆಯ ಮೇಲೂ ಇವೇ ಇದ್ದವು. ರುಚಿಯಾಗಿತ್ತು ಎಂದು ಬರೆದದ್ದು ಸುಳ್ಳು.

ಇದೆಲ್ಲ ನನಗೆ ಮಾರ್ಚ್ ೯ಕ್ಕೇ ಗೊತ್ತಿತ್ತು. ಬೀಗರ ಮನೆಯ ಮೇಲೆ ತಪ್ಪು ಹೊರಿಸಿದ ಹಾಗಾಗುತ್ತದೆ, ನಾಳೆ ಮಗಳಿಗೆ ಒಂದು ಮಾತು ಬರುತ್ತದೆ ಎಂದು ಹೆದರಿ ಮಣ್ಣಿಗೆ ವಿಶ್ರಾಂತಿ ಎಂದೆಲ್ಲ ಬರೆದೆ. ಅವಳು ಬಸುರಿ, ತೊಳೆಯದೆಯೇ ಆ ಕ್ಯಾರೆಟ್ ತಿನ್ನುತ್ತಾಳೆ ಎಂದು ತಿಳಿದೂ ಹಾಗೆ ಬರೆದೆ. ನನಗೆ ನನ್ನ ಮೇಲೇ ಅಸಹ್ಯವಾಗಿದೆ.

ಚರಂಡಿಯ ಕ್ರಿಮಿ, ಅವಳ ಸೋಂಕಿನ ಕ್ರಿಮಿ ಒಂದೇ ಎಂದು ನಾನು ಹೇಳಲಾರೆ. ನಾನು ಡಾಕ್ಟರಲ್ಲ. ಆದರೆ ಡಾಕ್ಟರಿಗೆ ಇದು ಗೊತ್ತಿರಲೇಬೇಕು. ಆರು ಔಷಧಿಗಳ ಹೆಸರು, ಯಾವುದಕ್ಕೆ ಏನಾಯಿತು, ಎಲ್ಲ ಬೇರೆ ಹಾಳೆಯಲ್ಲಿದೆ. ಮಗಳು ಹೆಸರು ತಪ್ಪು ಹೇಳಿಯಾಳು, ಹಾಳೆಯನ್ನೇ ಕೊಂಡೊಯ್ದು ಮೇಜಿನ ಮೇಲಿಡಿ. ಮೂತ್ರವನ್ನು ಹೀಗೆಯೇ ತಟ್ಟೆಯಲ್ಲಿ ಬೆಳೆಸಿ ಪರೀಕ್ಷಿಸಲು ಕೇಳಿ. ಹಂದಿಗಳಿಗೆ ನಿಜವಾಗಿ ಏನು ಕೊಡುತ್ತೀರಿ ಎನ್ನುವುದನ್ನೂ ಡಾಕ್ಟರಿಗೆ ಹೇಳಿ, ನನಗೆ ಹೇಳದಿದ್ದರೂ ಚಿಂತೆಯಿಲ್ಲ.

ಡ್ರೈವರ್ ಲಾರಿ ಚಾಲೂ ಮಾಡಿಕೊಂಡು ನಿಂತಿದ್ದಾನೆ. ಸೋಮವಾರದೊಳಗೆ ಜ್ವರ ಇಳಿಯದಿದ್ದರೆ ನಾವಿಬ್ಬರೂ ಬಂದುಬಿಡುತ್ತೇವೆ. ಹೇಳದೆ ಕೇಳದೆ ಬೀಗರ ಮನೆಗೆ ಬರಬಾರದು ಎನ್ನುವುದನ್ನು ಆಮೇಲೆ ನೋಡಿಕೊಳ್ಳೋಣ.

ಮಗಳ ತಂದೆ


ಮಾರ್ಚ್ ೨೮

ಅಣ್ಣನವರೇ,

ಜ್ವರ ಇಳಿದಿದೆ ಎಂದು ಸೋಮವಾರವೇ ಫೋನಿನಲ್ಲಿ ಹೇಳಿದೆ. ಈ ಸಲ ನಿಜವಾಗಿಯೂ ಇಳಿದಿದೆ. ಉಳಿದದ್ದು ಫೋನಿನಲ್ಲಿ ಬಾಯಿಗೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಹಾಳೆ ಹಿಡಿದು ಹೋದೆ. ಡಾಕ್ಟರಮ್ಮ ಓದುತ್ತಾ ಓದುತ್ತಾ ಕನ್ನಡಕ ತೆಗೆದರು. ಅವರು ಕೊಟ್ಟಿದ್ದ ಎರಡೂ ಮಾತ್ರೆಗಳು ನಿಮ್ಮ ಪಟ್ಟಿಯ ಜಗ್ಗದ ನಾಲ್ಕರಲ್ಲಿ ಇದ್ದವು. "ನಿಮ್ಮ ಹಂದಿಗಳಿಗೆ ಏನು ಹಾಕ್ತೀರಮ್ಮ?" ಎಂದು ಕೇಳಿದರು. ನೀವು ಕೇಳಿದಾಗ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡಿದ್ದೆ. ಅಲ್ಲಿ ಸೊಸೆಯ ಮುಖ ನೋಡಿದ ಮೇಲೆ ಮುಚ್ಚಿಡಲು ಆಗಲಿಲ್ಲ. ಹೇಳಿಬಿಟ್ಟೆ. ಆರು ವರ್ಷದಿಂದ, ಕಾಯಿಲೆ ಇರಲಿ ಬಿಡಲಿ, ಮೇವಿಗೆ ಒಂದು ಹಳದಿ ಆ್ಯಂಟಿಬಯೋಟಿಕ್ ಪುಡಿ ಬೆರೆಸುತ್ತಿದ್ದೇನೆ, ನಾವು ಅಡುಗೆಗೆ ಉಪ್ಪು ಹಾಕುವ ಹಾಗೆ. ಮರಿಗಳನ್ನು ತಾಯಿಯ ಹಾಲು ಬಿಡಿಸಿದಾಗ ಭೇದಿ ಹತ್ತಿ ಸಾಯುತ್ತವೆ, ಅದಕ್ಕೆಂದು ಮೇವಿನ ಅಂಗಡಿಯವನು ಕೊಟ್ಟಿದ್ದು. ಮರಿಗೆ ಒಳ್ಳೆಯದಾದರೆ ದೊಡ್ಡದಕ್ಕೂ ಒಳ್ಳೆಯದೇ ಎಂದು ಎಲ್ಲಕ್ಕೂ ಹಾಕಿದೆ. ಯಾರೂ ಬೇಡ ಎನ್ನಲಿಲ್ಲ, ನಾನೂ ಕೇಳಲಿಲ್ಲ.

ಡಾಕ್ಟರಮ್ಮ ಅಂದೇ ಪರೀಕ್ಷೆಗೆ ಕಳಿಸಿ, ನಿಮ್ಮ ಪಟ್ಟಿಯ ಐದನೆಯ ಔಷಧಿಯನ್ನು, ಬಸುರಿಯರಿಗೆ ಕೊಡಬಹುದಾದದ್ದೇ ಅಂತೆ, ಇಂಜೆಕ್ಷನ್ನಿನಲ್ಲಿ ಶುರು ಮಾಡಿದರು. ಎರಡನೆಯ ದಿನಕ್ಕೆ ಜ್ವರ ಬಿಟ್ಟಿತು. ಆಮೇಲೆ ಬಂದ ಫಲಿತಾಂಶವೂ ಅದನ್ನೇ ಹೇಳಿತು. ಮಗುವಿನ ಎದೆಬಡಿತ ನನಗೂ ಕೇಳಿಸಿದರು. ಡಾಕ್ಟರಮ್ಮ, "ಈ ಕಾಗದ ಬರೆದೋರು ಯಾರು?" ಎಂದರು. "ನಮ್ಮ ಬೀಗರು" ಎಂದೆ. "ಬೀಗರು ಇಷ್ಟು ನಿಜ ಬರೀತಾರಾ?" ಎಂದು ನಕ್ಕರು. ನನಗೆ ಅಲ್ಲೇ ಅಳು ಬಂದುಬಿಟ್ಟಿತು.

ಜ್ವರದ ಸುದ್ದಿ ನಿಮಗೆ ಹೇಳಬೇಡಿ ಎಂದವಳು ನಾನೇ, ಸೊಸೆಯಲ್ಲ. ನಾಲ್ಕು ದಿನ ಕಳೆದರೆ ವಾಸಿಯಾಗುತ್ತದೆ, ಹೆಣ್ಣು ಕೊಟ್ಟವರ ಕಿವಿಗೆ ಯಾಕೆ ಹಾಕಬೇಕು ಎಂದುಕೊಂಡೆ. ಕ್ಯಾರೆಟ್ ಮಡಿಯನ್ನು ಮಗ ಅಗೆದು ಹಾಕಿದ. ಪುಡಿಯ ಡಬ್ಬ ಉಗ್ರಾಣದ ಮೇಲಿನ ಅಟ್ಟಕ್ಕೆ ಹೋಯಿತು. ಬೈಯುವುದಿದ್ದರೆ ಈಗಲೇ ಬೈದುಬಿಡಿ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ನಿಮ್ಮ ತಂಗಿ ಎಂದುಕೊಳ್ಳಿ


ಏಪ್ರಿಲ್ ೬

ತಂಗೀ,

ಬೈಯಲು ಕೂತೆ. ನನ್ನಾಕೆ ಪಕ್ಕದಲ್ಲಿ ನಿಂತು, "ಹನ್ನೊಂದು ದಿನ ಬಾಯಿ ಮುಚ್ಕೊಂಡು ಕೂತಿದ್ದೋರು ಯಾರು, ಮೊದಲು ಅವರನ್ನ ಬೈರಿ" ಎಂದಳು. ಅಲ್ಲಿಗೆ ಸರಿಹೋಯಿತು. ನೀವು ನೀರು ಸೋಸಿದಿರಿ, ನಾನು ಮಾತು ಸೋಸಿದೆ.

ಕೆಲಸದ ಮಾತು. ದಿನವೂ ಔಷಧಿ ಕಂಡ ಕ್ರಿಮಿ ಅದಕ್ಕೆ ಸಾಯದಿರುವುದನ್ನು ಕಲಿತುಬಿಡುತ್ತದೆ. ಪುಡಿಯನ್ನು ದನದ ಡಾಕ್ಟರು ಕಾಯಿಲೆ ನೋಡಿ ಹೇಳಿದಾಗ ಮಾತ್ರ, ಹೇಳಿದಷ್ಟು ದಿನ ಮಾತ್ರ ಕೊಡಿ. ಮರಿಗಳ ಹಾಲನ್ನು ಒಂದು ವಾರ ತಡವಾಗಿ ಬಿಡಿಸಲು ಆಗುತ್ತದೆಯೇ ಎಂದು ಅವರನ್ನೇ ಕೇಳಿ. ನೀರನ್ನು ನೇರವಾಗಿ ಹೊರಗೆ ಬಿಡದೆ ಗುಂಡಿಯಲ್ಲಿ ನಿಲ್ಲಿಸಿ. ಎಲ್ಲರೂ ಕೈ ತೊಳೆಯಿರಿ, ನನ್ನ ಮಗಳ ತಲೆಗೆ ಮೊಟಕಿಯಾದರೂ ಅವಳ ಕೈ ತೊಳೆಸಿ. ಅಪ್ಪ ಹೇಳಿದ್ದಾರೆ ಎನ್ನಿ.

ಅಣ್ಣ


ಜೂನ್ ೨೨

ಅಣ್ಣನವರೇ,

ಎರಡು ತಿಂಗಳಿಂದ ಬರೆದಿಲ್ಲ. ಹೇಳಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಮೇ ತಿಂಗಳಲ್ಲಿ ಹನ್ನೊಂದು ಮರಿಗಳಿಗೆ ಭೇದಿ ಹತ್ತಿತು. ಎರಡು ಸತ್ತವು. ಎರಡನೆಯದು ನನ್ನ ಮಡಿಲಲ್ಲೇ ಹೋಯಿತು. ಏಣಿ ಹಾಕಿ ಅಟ್ಟ ಹತ್ತಿ ಪುಡಿಯ ಡಬ್ಬದ ಮುಚ್ಚಳ ತೆಗೆದೆ, ಸುಳ್ಳು ಯಾಕೆ ಹೇಳಲಿ. ಕೆಳಗೆ ನಿಮ್ಮ ಮಗಳು ಹೊಟ್ಟೆ ಹೊತ್ತುಕೊಂಡು ನಿಂತಿದ್ದಳು. ಬೇಡ ಎನ್ನಲಿಲ್ಲ. "ನಾನು ಏಣಿ ಹಿಡ್ಕೊಂಡಿದ್ದೀನಿ ಅತ್ತೆ, ನಿಧಾನಕ್ಕೆ ಇಳೀರಿ" ಎಂದಳು ಅಷ್ಟೇ. ಮುಚ್ಚಳ ಹಾಕಿ ಇಳಿದೆ.

ಆಮೇಲೆ ನಾವು ಮೂವರೂ ಸೇರಿ ಮರಿಗಳ ಕೊಟ್ಟಿಗೆಯ ನೆಲ ಒಣಗಿಸಿ, ಹುಲ್ಲು ಹಾಸಿ, ಸಕ್ಕರೆ ಉಪ್ಪಿನ ನೀರು ಕುಡಿಸಿದೆವು. ನೀವು ಹೇಳಿದ ಹಾಗೆ ಹಾಲು ಬಿಡಿಸುವುದನ್ನು ಒಂದು ವಾರ ಮುಂದೆ ಹಾಕಿದೆವು. ಉಳಿದ ಒಂಬತ್ತೂ ಎದ್ದವು. ನಮ್ಮ ದೊಡ್ಡ ತಾಯಿ ಹಂದಿಗೆ ಮಹಾರಾಣಿ ಎಂದು ಹೆಸರು. ಒಂದು ವಾರ ಹೆಚ್ಚಿಗೆ ಹಾಲು ಕುಡಿಸಬೇಕಾಗಿ ಬಂದದ್ದಕ್ಕೆ ಅವಳು ನನ್ನ ಮೇಲೆ ಮುನಿಸಿಕೊಂಡಿದ್ದಾಳೆ, ನಾನು ಹೋದರೆ ಬೆನ್ನು ತಿರುಗಿಸಿ ಕೂರುತ್ತಾಳೆ.

ಪೆಟ್ಟಿಗೆಯಲ್ಲಿ ಬಾಟಲಿ ಇದೆ. ಮೂಗು ಮುಚ್ಚಿಕೊಂಡು ತೆಗೆಯಿರಿ. ಏನು ಬರುತ್ತದೋ ಹಾಗೇ ಬರೆಯಿರಿ, ಬಸುರಿಯ ಎದುರು ಗಟ್ಟಿಯಾಗಿ ಓದುತ್ತೇನೆ.

ತಂಗಿ


ಜುಲೈ ೩

ತಂಗೀ,

ಎರಡು ಮರಿಗಳ ಸುದ್ದಿ ಓದಿ ಇಬ್ಬರಿಗೂ ಬಹಳ ಬೇಜಾರಾಯಿತು. ಆದರೂ ಇಳಿದಿರಲ್ಲ, ನನಗೆ ಅದು ದೊಡ್ಡದು.

ಫಲಿತಾಂಶ ಹೇಳುತ್ತೇನೆ. ಹಟಮಾರಿಗಳು ಹೋಗಿಲ್ಲ. ನೂರಕ್ಕೆ ಎಪ್ಪತ್ತು ಇದ್ದದ್ದು ಈಗ ನಲವತ್ತೈದು. ಮೂರು ಸಲ ಎಣಿಸಿದೆ, ಏನು ಮಾಡಿದರೂ ನಲವತ್ತೈದೇ. ನೀವು ಪಟ್ಟ ಪಾಡಿಗೆ ಇಪ್ಪತ್ತು ಎಂದು ಬರೆಯೋಣ ಅನ್ನಿಸಿತು. ಕೈ ಬರಲಿಲ್ಲ. ಕಡಿಮೆಯಾಗಲು ವರ್ಷಗಳು ಬೇಕಾಗಬಹುದು, ಕೆಲವು ಹೋಗದೆಯೂ ಇರಬಹುದು. ಮೇಲಧಿಕಾರಿ ಗೇಟು ಹಾಕಿಕೊಂಡ ಏಳು ಜನರಿಗೂ ನಿಮ್ಮ ಎರಡು ಅಂಕಿಗಳನ್ನು, ಹೆಸರಿಲ್ಲದೆ, ತೋರಿಸಿದರು. ಮೂವರು ಬಾಟಲಿ ತೆಗೆದುಕೊಂಡು ಹೋಗಿದ್ದಾರೆ.

ಹೆರಿಗೆಗೆ ಇನ್ನು ನಾಲ್ಕು ವಾರ. ಈಗ ನಾನು ನೇರವಾಗಿ ಕೇಳುತ್ತೇನೆ. ಅವಳು ಹೇಗಿದ್ದಾಳೆ? ಸೋಂಕು ಮತ್ತೆ ಬರಬಹುದು ಎಂದು ಡಾಕ್ಟರಮ್ಮ ಹೇಳಿದರೆಂದು ಮಗಳು ಫೋನಿನಲ್ಲಿ ಅಂದದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ನನಗೆ ಹೆದರಿಕೆಯಾಗುತ್ತಿದೆ.

ಅಣ್ಣ


ಆಗಸ್ಟ್ ೧

ಅಣ್ಣಾ,

ಮೊಮ್ಮಗಳು ಹುಟ್ಟಿದಳು ಎಂದು ನನ್ನ ಮಗ ಫೋನಿನಲ್ಲಿ ಹೇಳಿ ಮೂರು ದಿನವಾಯಿತು. "ಎಲ್ಲಾ ಚೆನ್ನಾಗಿದೆ" ಎಂದನಂತೆ. ಆ ಮಾತಿಗೆ ನಿಮಗೆ ನಿದ್ದೆ ಬಂದಿರಲಾರದು. ಆದದ್ದು ಆದ ಹಾಗೆ ಬರೆಯುತ್ತೇನೆ.

ಒಂಬತ್ತು ಗಂಟೆ ನೋವು ತಿಂದಳು. ನನ್ನ ಮಗನನ್ನು ಬೈದಳು, ನನ್ನನ್ನು ಬೈದಳು, ನಿಮ್ಮನ್ನೂ ಬಿಡಲಿಲ್ಲ. ಮಗು ಎರಡು ಕಿಲೋ ಒಂಬೈನೂರು ಗ್ರಾಂ. ನಿನ್ನೆಯಿಂದ ಕಣ್ಣು ತುಸು ಹಳದಿಯಾಗಿದೆ. ಬಹಳ ಮಕ್ಕಳಿಗೆ ಆಗುತ್ತದೆ, ರಕ್ತ ನೋಡಿದ್ದೇವೆ, ಹೆದರುವಂಥದ್ದಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ. ನನಗೆ ಸ್ವಲ್ಪ ಹೆದರಿಕೆಯಿದೆ, ಅದನ್ನೂ ಬರೆದಿದ್ದೇನೆ. ಹಾಲು ಚೆನ್ನಾಗಿ ಕುಡಿಯುತ್ತಿದೆ, ಅಳುವುದು ಮಾತ್ರ ನನ್ನ ಹಾಗೆಯೇ, ಎರಡು ಬೀದಿಗೆ ಕೇಳುತ್ತದೆ.

ನಿಮ್ಮ ಮಗಳು ನಿನ್ನೆ ಸಂಜೆ ಮಗುವನ್ನು ಎತ್ತಿಕೊಂಡು ಸುಮ್ಮನೆ ಅತ್ತಳು. ಏನಾಯಿತೇ ಎಂದರೆ "ಏನಿಲ್ಲ ಅತ್ತೆ, ಮಾರ್ಚ್ ತಿಂಗಳು ನೆನಪಾಯ್ತು" ಎಂದಳು. ನಾನೂ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ. ನರ್ಸು ಬಂದು ಇಬ್ಬರನ್ನೂ ಗದರಿಸಿದಳು. "ಇದನ್ನೂ ಅಪ್ಪಂಗೆ ಬರೀರಿ" ಎಂದು ನಿಮ್ಮ ಮಗಳೇ ಹೇಳಿದಳು.

ಮೂತ್ರ ಪರೀಕ್ಷೆ ಹೆರಿಗೆಗೆ ಮೊದಲೊಮ್ಮೆ, ಆಮೇಲೊಮ್ಮೆ ಮಾಡಿಸಿದೆವು, ಎರಡು ಸಲವೂ ಸೋಂಕಿಲ್ಲ. ಚೀಟಿಗಳನ್ನು ಇದರೊಳಗೆ ಇಟ್ಟಿದ್ದೇನೆ, ನೀವೇ ಓದಿಕೊಳ್ಳಿ. ನಿಮ್ಮ ಮಗಳ ಜ್ವರ ದಿನಕ್ಕೆ ಮೂರು ಹೊತ್ತು ನೋಡುತ್ತಿದ್ದೇನೆ. ಮೊದಲ ದಿನ ಸಂಜೆ ತೊಂಬತ್ತೊಂಬತ್ತೂವರೆ ಇತ್ತು. ಒಂದು ಗಂಟೆ ಬಿಟ್ಟು ನೋಡಿದಾಗ ತೊಂಬತ್ತೊಂಬತ್ತು. ಮಾರನೆಯ ದಿನದಿಂದ ತೊಂಬತ್ತೆಂಟರ ಆಚೀಚೆ ಇದೆ.

ಇಬ್ಬರೂ ಈ ವಾರವೇ ಹೊರಟು ಬನ್ನಿ. ಲಾರಿ ಆಸ್ಪತ್ರೆಯ ಬಾಗಿಲಿಗೇ ಬಂದು ನಿಂತಿದೆ. ಡ್ರೈವರಿಗೆ ಐದು ನಿಮಿಷ ಕಾಯಲು ಹೇಳಿ ಈಗ ಮತ್ತೊಮ್ಮೆ ನೋಡಿ ಬಂದೆ. ತೊಂಬತ್ತೆಂಟು ಪಾಯಿಂಟ್ ಎರಡು.

ತಂಗಿ